ಉಂಗುರ ಬೆರಳಿನ ಜಾಗ ಖಾಲಿ ಬಿಡಿ: ‘ಬಿ ಮೈ ಬೇಬಿ’ಯ ಡ್ರಮ್ ನಡೆ ಕಲಿಯುವ ಬಗೆ

ಧುಂ... ಧು-ಧುಂ... ಛಟ್!

ಇಷ್ಟೇ. ನಾಲ್ಕು ಹೊಡೆತ. ಮೂರು ಕಾಲಿನದು, ಒಂದು ಕೈಯದು. ಡ್ರಮ್ ಕ್ಲಾಸಿಗೆ ಸೇರಿ ಒಂದು ವಾರ ಆದ ಹುಡುಗನೂ ಹತ್ತು ನಿಮಿಷದಲ್ಲಿ ಇದನ್ನು ನುಡಿಸಿ ತೋರಿಸುತ್ತಾನೆ. ಆದರೆ ಹತ್ತು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದವರನ್ನು ಕೂರಿಸಿ, ಎರಡೂವರೆ ನಿಮಿಷ ಇದನ್ನೇ ನುಡಿಸಿ, ಬೇರೇನೂ ಸೇರಿಸಬೇಡಿ ಅಂದರೆ ಅರ್ಧದಾರಿಯಲ್ಲಿ ಕೈ ತಡೆಯುವುದಿಲ್ಲ, ಏನಾದರೊಂದು ತುರುಕಿಬಿಡುತ್ತಾರೆ. ನಾನೂ ತುರುಕಿದವನೇ. ಅದನ್ನು ಬಿಡಲು ಕಲಿತ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಾಡು ‘ಬಿ ಮೈ ಬೇಬಿ’. ಹಾಡಿದ್ದು ನ್ಯೂಯಾರ್ಕಿನ ಮೂವರು ಹುಡುಗಿಯರ ತಂಡ ದಿ ರೊನೆಟ್ಸ್. 1963ರ ಆಗಸ್ಟ್‌ನಲ್ಲಿ ಬಿಡುಗಡೆಯಾಗಿ ಅದೇ ವರ್ಷ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು. ಡ್ರಮ್ ನುಡಿಸಿದವರು ಹಾಲ್ ಬ್ಲೇನ್, ಲಾಸ್ ಏಂಜಲೀಸ್ ಸ್ಟುಡಿಯೊಗಳಲ್ಲಿ ಸಾವಿರಾರು ಹಾಡುಗಳಿಗೆ ನುಡಿಸಿದವರು. 1966ರಿಂದ 1971ರವರೆಗೆ ಸತತ ಆರು ವರ್ಷ ‘ವರ್ಷದ ರೆಕಾರ್ಡ್’ ಗ್ರ್ಯಾಮಿ ಗೆದ್ದ ಹಾಡುಗಳಲ್ಲೆಲ್ಲ ಅವರ ಕೈಯಿತ್ತು. ಆದರೂ ಅವರ ಹೆಸರು ಹೇಳಿದ ಕೂಡಲೇ ಜನಕ್ಕೆ ನೆನಪಾಗುವುದು ಈ ನಾಲ್ಕು ಹೊಡೆತ.

ಮೊದಲು ಕೇಳಿ, ಕೈ ಕಟ್ಟಿಕೊಂಡು

ಹೆಡ್‌ಫೋನ್ ಹಾಕಿಕೊಳ್ಳಿ. ಹಾಡಿನ ಆರಂಭದ ಕೆಲವು ಸೆಕೆಂಡು ಡ್ರಮ್ ಒಂದೇ ಇರುತ್ತದೆ, ಅಷ್ಟನ್ನೇ ಹತ್ತು ಸಲ ಹಾಕಿ. ತೊಡೆಯ ಮೇಲೆ ತಾಳ ಹಾಕಬೇಡಿ. ಕೇಳುತ್ತ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಏನು ಇಲ್ಲ?

ಸಾಮಾನ್ಯ ಪಾಪ್ ಹಾಡಿನಲ್ಲಿ ಒಂದು ಬಾರ್‌ಗೆ, ಎಂದರೆ ತಾಳದ ಒಂದು ಸುತ್ತಿಗೆ, ನಾಲ್ಕು ಬೀಟ್. ಒಂದು ಮತ್ತು ಮೂರಕ್ಕೆ ಕಿಕ್ (ಕಾಲಿನ ಪೆಡಲ್‌ನಿಂದ ಹೊಡೆಯುವ ದೊಡ್ಡ ಡ್ರಮ್), ಎರಡು ಮತ್ತು ನಾಲ್ಕಕ್ಕೆ ಸ್ನೇರ್ (ಸ್ಟಿಕ್‌ನಿಂದ ಹೊಡೆಯುವ, ‘ಛಟ್’ ಎನ್ನುವ ಚಿಕ್ಕ ಡ್ರಮ್). ನಮ್ಮ ಕಿವಿ ಇದಕ್ಕೆ ಎಷ್ಟು ಒಗ್ಗಿದೆಯೆಂದರೆ ಎರಡನೇ ಬೀಟ್ ಹತ್ತಿರ ಬರುತ್ತಿದ್ದಂತೆ ‘ಛಟ್’ ಬಂದೇ ಬರುತ್ತದೆ ಎಂದು ಕಾಯುತ್ತದೆ. ಇಲ್ಲಿ ಅದು ಬರುವುದಿಲ್ಲ. ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ಇಲ್ಲದೆ ಕಾಲು ಗಾಳಿಗೆ ಹೋದಂತಾಗುತ್ತದೆ. ಆ ಹೊತ್ತಿಗೆ ಕಿಕ್ ‘ಧು-ಧುಂ’ ಎಂದು ಹಿಡಿದು ನಿಲ್ಲಿಸುತ್ತದೆ, ನಾಲ್ಕನೇ ಬೀಟಿಗೆ ಸ್ನೇರ್ ಬೀಳುತ್ತದೆ. ಒಂದೇ ಸ್ನೇರ್. ಬಾರ್ ಇಡೀ ಕಾದಿದ್ದಕ್ಕೆ ಒಂದೇ ಏಟು.

ಇದು ಹುಟ್ಟಿದ್ದು ತಪ್ಪಿನಿಂದ ಎಂದು ಬ್ಲೇನ್ ಅವರೇ ಹೇಳುತ್ತಿದ್ದರು. ಎರಡಕ್ಕೂ ನಾಲ್ಕಕ್ಕೂ ಸ್ನೇರ್ ಹೊಡೆಯಬೇಕಿತ್ತಂತೆ, ಸ್ಟಿಕ್ ಕೈಕೊಟ್ಟು ಎರಡನೆಯದು ತಪ್ಪಿಹೋಯಿತಂತೆ. ತಪ್ಪು ಕಿವಿಗೆ ಚೆನ್ನಾಗಿ ಬಿತ್ತು, ಹಾಗೇ ಉಳಿಸಿಕೊಂಡರು. ಸಂಗೀತಗಾರರು ಇಂಥ ಕಥೆಗಳನ್ನು ಹೇಳುತ್ತ ಹೇಳುತ್ತ ಸ್ವಲ್ಪ ಬೆಳೆಸುತ್ತಾರೆ ಎನ್ನುವುದು ನಿಜ. ಆದರೆ ನಡೆಯನ್ನು ನುಡಿಸಿ ನೋಡಿದರೆ ಕಥೆ ನಂಬುವಂತಿದೆ: ಇದರಲ್ಲಿ ಒಂದು ಜಾಗ ನಿಜಕ್ಕೂ ಹಲ್ಲು ಬಿದ್ದ ಬಾಯಿಯಂತಿದೆ.

ನಡೆ ಬಂದ ದಾರಿ

ತಪ್ಪು ಆಕಸ್ಮಿಕ ಇರಬಹುದು, ಆದರೆ ಕಿಕ್‌ನ ಓಟ ಆಕಸ್ಮಿಕವಲ್ಲ. ಅದರ ಊರು ಬ್ರೆಜಿಲ್‌ನ ಈಶಾನ್ಯ ಭಾಗ, ಹೆಸರು ಬಯಾಂವ್. ಅಲ್ಲಿ ಜಬುಂಬ ಎಂಬ ದೊಡ್ಡ ಡೋಲನ್ನು ನಮ್ಮ ಡೊಳ್ಳಿನ ಹಾಗೆ ಹೆಗಲಿಗೆ ನೇತುಹಾಕಿಕೊಂಡು ನುಡಿಸುತ್ತಾರೆ. ಒಂದು ಮುಖಕ್ಕೆ ದಪ್ಪ ಗುಣಿಕೆ, ಇನ್ನೊಂದಕ್ಕೆ ತೆಳುವಾದ ಕಡ್ಡಿ. ಜೊತೆಗೆ ಅಕಾರ್ಡಿಯನ್, ತ್ರಿಕೋನದ ಕಬ್ಬಿಣದ ಕಂಬಿ. ಲೂಯಿಸ್ ಗೊನ್ಜಾಗ ಮತ್ತು ಉಂಬೆರ್ತೊ ತೆಶೇರ 1946ರಲ್ಲಿ ಈ ಹಳ್ಳಿ ಲಯಕ್ಕೆ ಅದರದೇ ಹೆಸರಿನ ಹಾಡು ಕಟ್ಟಿ ಪಟ್ಟಣದ ರೇಡಿಯೊಗೆ ತಂದರು. 1951ರ ಇಟಾಲಿಯನ್ ಚಿತ್ರ ‘ಆನ್ನಾ’ದ ಒಂದು ಹಾಡಿನ ಮೂಲಕ ಅದು ಅಮೆರಿಕದವರ ಕಿವಿಗೂ ಬಿತ್ತು.

ನ್ಯೂಯಾರ್ಕಿನಲ್ಲಿ ಜೆರಿ ಲೀಬರ್ ಮತ್ತು ಮೈಕ್ ಸ್ಟಾಲರ್ ಎಂಬ, ಹಾಡು ಕಟ್ಟಿ ರೆಕಾರ್ಡ್ ಮಾಡಿಸುವ ಜೋಡಿಗೆ ಇದರ ಹುಚ್ಚು ಹಿಡಿಯಿತು. 1959ರಲ್ಲಿ ದಿ ಡ್ರಿಫ್ಟರ್ಸ್ ತಂಡದ ‘ದೇರ್ ಗೋಸ್ ಮೈ ಬೇಬಿ’ಗೆ ಈ ಲಯವನ್ನು ಟಿಂಪನಿ ಎಂಬ ಹಂಡೆಯಾಕಾರದ ದೊಡ್ಡ ಡ್ರಮ್‌ನಲ್ಲಿ ಹೊಡೆಸಿದರು. ಬೆನ್ ಇ. ಕಿಂಗ್ ಹಾಡಿದ 1961ರ ‘ಸ್ಟ್ಯಾಂಡ್ ಬೈ ಮೀ’ಯಲ್ಲಿ ಬೇಸ್ ಹೆಜ್ಜೆ ಹಾಕುವುದೂ ಇದೇ ಜಾಡಿನಲ್ಲಿ. ಲೀಬರ್-ಸ್ಟಾಲರ್ ಕೈಕೆಳಗೆ ಕೆಲಸ ಕಲಿತ ಹುಡುಗ ಫಿಲ್ ಸ್ಪೆಕ್ಟರ್ ಅದನ್ನು ಕ್ಯಾಲಿಫೋರ್ನಿಯಾಕ್ಕೆ ಹೊತ್ತುಕೊಂಡು ಹೋದ. ಹಾಲಿವುಡ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೊದಲ್ಲಿ ‘ಬಿ ಮೈ ಬೇಬಿ’ ಮಾಡಿಸಿದ ನಿರ್ಮಾಪಕ ಅವನೇ. (ಆತ ಮುಂದೆ ಕೊಲೆಯ ಅಪರಾಧಿಯೆಂದು ತೀರ್ಪಾಗಿ, ಶಿಕ್ಷೆ ಅನುಭವಿಸುತ್ತಲೇ 2021ರಲ್ಲಿ ಸತ್ತ. ಹಾಡನ್ನು ಮೆಚ್ಚುವಾಗ ಇದೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನನಗಂತೂ ಅದಕ್ಕೆ ಪರಿಹಾರ ಸಿಕ್ಕಿಲ್ಲ. ಕೇಳುವಾಗ ದಿ ರೊನೆಟ್ಸ್‌ನ ಮುಖ್ಯ ಗಾಯಕಿ ರಾನಿಯ ಗಂಟಲು, ಬ್ಲೇನ್ ಅವರ ಕಾಲು ಎರಡಕ್ಕೇ ಗಮನ ಕೊಡುತ್ತೇನೆ.)

ಇನ್ನೂ ಒಂದು ಮಾತು. ಕಿಕ್, ಸ್ನೇರ್ ಎಂದು ಬೇರೆ ಮಾಡದೆ ನಾಲ್ಕೂ ಹೊಡೆತವನ್ನು ಒಂದೇ ಸಾಲಾಗಿ ತಟ್ಟಿದರೆ ಸಿಗುವುದು ಕ್ಯೂಬಾದ ಹಬನೇರ ಲಯ. 1875ರ ‘ಕಾರ್ಮೆನ್’ ಆಪೆರಾದಲ್ಲಿ ಬಿಝೆ ಬಳಸಿದ್ದು ಇದನ್ನೇ. ಹಾಗಾಗಿ ಇದೊಂದು ಕಲಿತರೆ ಕೈ ಬಹಳ ದೂರ ಹೋಗುತ್ತದೆ.

ಬಾಯಲ್ಲಿ ಹೇಳಿ

ನಮ್ಮವರಿಗೆ ಇಲ್ಲೊಂದು ಅನುಕೂಲವಿದೆ, ಬಿಡಬೇಡಿ. ನಾಲ್ಕು ಬೀಟನ್ನು ಎರಡೆರಡಾಗಿ ಒಡೆದರೆ ಎಂಟು ಎಣಿಕೆ. ಆ ಎಂಟನ್ನು 3+3+2 ಎಂದು ಹಂಚಿ:

ಎಣಿಕೆ: 1 – 2 – 3 – 4 – 5 – 6 – 7 – 8

ಸೊಲ್ಲು: ತ – ಕಿ – ಟ – ತ – ಕಿ – ಟ – ತ – ಕ

ಹೊಡೆತ ಬೀಳುವುದು 1, 4, 5, 7ರಲ್ಲಿ. ಎಂದರೆ ಮೂರೂ ‘ತ’ಕಾರಗಳಲ್ಲಿ, ಜೊತೆಗೆ ಎರಡನೇ ತಕಿಟದ ‘ಕಿ’ಯಲ್ಲಿ. ಮೊದಲು ಎಂಟು ಅಕ್ಷರವನ್ನೂ ಒಂದೇ ಎತ್ತರದಲ್ಲಿ, ಒಂದೇ ಅಂತರದಲ್ಲಿ ಹೇಳಿ. ಆಮೇಲೆ ಈ ನಾಲ್ಕನ್ನು ಮಾತ್ರ ಒತ್ತಿ: *ತ*ಕಿಟ *ತಕಿ*ಟ *ತ*ಕ. ಉಳಿದವು ಉಸಿರಿನಲ್ಲಿ ಬಂದರೆ ಸಾಕು, ಆದರೆ ಬರಲೇಬೇಕು. ಹೇಳದೆ ನುಂಗಿದರೆ ಮುಂದಿನ ಹೊಡೆತ ಅಷ್ಟು ಬೇಗ ಬಂದುಬಿಡುತ್ತದೆ.

ತಾಳ ಹಾಕಿ

ಇದನ್ನು ನಾನು ಕಂಡುಕೊಂಡಿದ್ದು ಮೃದಂಗ ಕಲಿಯುತ್ತಿದ್ದ ಒಬ್ಬ ಹುಡುಗಿಗೆ ಡ್ರಮ್ ಹೇಳಿಕೊಡುವಾಗ. ಬೀಟ್ ಎಣಿಸು ಅಂದರೆ ಅವಳು ಅಭ್ಯಾಸಬಲದಿಂದ ಆದಿತಾಳ ಹಾಕತೊಡಗಿದಳು, ಒಂದು ಎಣಿಕೆಗೆ ಒಂದು ಕ್ರಿಯೆಯಂತೆ. ನೋಡುತ್ತ ಕೂತವನಿಗೆ ಎದೆ ಧಸಕ್ಕೆಂದಿತು. ಆದಿತಾಳದ ಎಂಟು ಕ್ರಿಯೆ ನೆನಪಿಸಿಕೊಳ್ಳಿ: 1 ಘಾತ (ಅಂಗೈ ಏಟು), 2 ಕಿರುಬೆರಳು, 3 ಉಂಗುರ ಬೆರಳು, 4 ನಡುಬೆರಳು, 5 ಘಾತ, 6 ಹುಸಿ (ಸದ್ದಿಲ್ಲದೆ ಅಂಗೈ ಮೇಲ್ಮುಖ ತಿರುಗಿಸುವುದು), 7 ಘಾತ, 8 ಹುಸಿ. ಘಾತ ಬೀಳುವುದು 1, 5, 7ರಲ್ಲಿ. ಬ್ಲೇನ್ ಅವರ ಹೊಡೆತ 1, 4, 5, 7ರಲ್ಲಿ. ಬ್ರೆಜಿಲ್‌ಗೂ ತಂಜಾವೂರಿಗೂ ಇದರಿಂದ ನಂಟು ಕಟ್ಟಲು ಹೊರಡಬೇಡಿ, ಕಾಕತಾಳೀಯ ಅಷ್ಟೇ. ಆದರೆ ಕೆಲಸಕ್ಕೆ ಬರುವ ಕಾಕತಾಳೀಯ.

ಹಾಗಾದರೆ ಮಾಡಬೇಕಾದ್ದು ಇಷ್ಟು. ಕುರ್ಚಿಯಲ್ಲಿ ಕೂತು ನಿಧಾನವಾಗಿ ಆದಿತಾಳ ಹಾಕಿ. 1 ಮತ್ತು 5ರ ಘಾತದ ಜೊತೆ ಬಲಗಾಲನ್ನು ನೆಲಕ್ಕೆ ಒತ್ತಿ. 7ರ ಘಾತದಲ್ಲಿ ಕಾಲು ಸುಮ್ಮನಿರಲಿ, ಕೈ ಮಾತ್ರ ಜೋರಾಗಿ ಬೀಳಲಿ: ಅದೇ ಸ್ನೇರ್. ಇದು ಹತ್ತಿಪ್ಪತ್ತು ಆವರ್ತನ ಸಲೀಸಾಗಿ ಹೋದ ಮೇಲೆ ನಡುಬೆರಳು ಮುಟ್ಟುವ 4ರಲ್ಲೂ ಕಾಲು ಸೇರಿಸಿ. ಧುಂ, ಕಿರು, ಉಂಗುರ, ಧು-ಧುಂ, ಹುಸಿ, ಛಟ್, ಹುಸಿ. ನಡೆ ಬಂತು.

ಉಂಗುರ ಬೆರಳನ್ನು ಗಮನಿಸಿ. ಅದು 3ನೇ ಎಣಿಕೆ, ಎಂದರೆ ಎರಡನೇ ಬೀಟ್. ಬೇರೆ ಪಾಪ್ ಹಾಡುಗಳಲ್ಲಿ ಸ್ನೇರ್ ಬೀಳುವ ಜಾಗ ಅದೇ. ಇಲ್ಲಿ ಅಲ್ಲಿ ಬರಿ ಬೆರಳು, ಸದ್ದಿಲ್ಲ. ತಾಳ ಹಾಕುತ್ತಿರುವ ಕಾರಣ ಆ ಖಾಲಿ ಜಾಗವನ್ನು ನೀವು ಮುಟ್ಟಿ ದಾಟುತ್ತೀರಿ, ಹಾರಿ ದಾಟುವುದಿಲ್ಲ. ಮೌನಕ್ಕೂ ಒಂದು ಬೆರಳು ಮೀಸಲಿರುವ ಪದ್ಧತಿಯಲ್ಲಿ ಬೆಳೆದವರಿಗೆ ಈ ನಡೆ ಬೇಗ ಕೂರುತ್ತದೆ ಎನ್ನುವುದು ನನ್ನ ಅನುಭವ. ತಾಳ ಗೊತ್ತಿಲ್ಲದವರೂ ಹೆದರಬೇಕಿಲ್ಲ, ಎಂಟು ಕ್ರಿಯೆ ಕಲಿಯಲು ಒಂದು ಸಂಜೆ ಸಾಕು.

ಕಿಟ್‌ಗೆ ಹತ್ತಿ

ಮೊದಲ ದಿನ ಹೈಹ್ಯಾಟ್ (ಒಂದರ ಮೇಲೊಂದಿರುವ ಜೋಡಿ ತಟ್ಟೆ) ಮುಟ್ಟಬೇಡಿ. ಬಲಗೈ ತೊಡೆಯ ಮೇಲಿರಲಿ. ಇದು ಅನೇಕರಿಗೆ ಚಪ್ಪಲಿಯಿಲ್ಲದೆ ರಸ್ತೆಗಿಳಿದಂತೆ ಅನಿಸುತ್ತದೆ, ಏಕೆಂದರೆ ನಾವೆಲ್ಲ ಹೈಹ್ಯಾಟ್‌ನ ಟಿಕ್ ಟಿಕ್ ಹಿಡಿದುಕೊಂಡೇ ನಡೆಯಲು ಕಲಿತವರು. ರೆಕಾರ್ಡಿನಲ್ಲಿ ಆ ಟಿಕ್ ಟಿಕ್ ಕಿವಿಗೆ ಬೀಳುವುದೇ ಇಲ್ಲ ಅನ್ನಬಹುದು. ಸಣ್ಣ ಸದ್ದುಗಳ ಕೆಲಸವನ್ನು ಕ್ಯಾಸ್ಟನೆಟ್‌ನಂಥ ತಾಳವಾದ್ಯಗಳು ನೋಡಿಕೊಳ್ಳುತ್ತವೆ.

ಮೆಟ್ರೊನೋಮ್ (ಸಮ ಅಂತರದಲ್ಲಿ ಟಿಕ್ ಎನ್ನುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಡಿ, ಬೀಟಿಗೊಂದು ಟಿಕ್. ಕಿಕ್ 1ನೇ ಬೀಟ್, 2 ಕಳೆದ ಅರ್ಧಕ್ಕೆ, 3ನೇ ಬೀಟ್. ಸ್ನೇರ್ 4ನೇ ಬೀಟ್. ಬಾಯಲ್ಲಿ ತಕಿಟ ನಡೆಯುತ್ತಲೇ ಇರಲಿ. 60, 80, 100 ಹೀಗೆ ಏರಿಸಿ. ಹಾಡಿನ ನಿಜವಾದ ಓಟ ಸುಮಾರು 130. ಆ ವೇಗದಲ್ಲಿ ‘ಧು-ಧುಂ’ ನಡುವಿನ ಅಂತರ ಕಾಲು ಸೆಕೆಂಡಿಗಿಂತ ಕಡಿಮೆ. ಎರಡಕ್ಕೂ ಕಾಲನ್ನು ಪೂರ್ತಿ ಎತ್ತಿ ಇಳಿಸಲು ಹೋದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಹಿಮ್ಮಡಿ ಸ್ವಲ್ಪ ಮೇಲಿರಲಿ. ಮೊದಲ ‘ಧು’ವನ್ನು ಪಾದದ ಮುಂಭಾಗದಿಂದ ಹಗುರವಾಗಿ ತಟ್ಟಿ, ಪೆಡಲ್ ಹಿಂದಕ್ಕೆ ಪುಟಿದು ಬರುವಾಗ ಎರಡನೆಯದಕ್ಕೆ ಭಾರ ಬಿಡಿ. ಎರಡೂ ಒಂದೇ ಜೋರಿನಲ್ಲಿ ಬಂದರೆ ನಡೆ ಕುದುರೆ ಓಟವಾಗುತ್ತದೆ. ‘ಧು’ ಚಿಕ್ಕದು, ‘ಧುಂ’ ದೊಡ್ಡದು. ಚಿಕ್ಕದು ದೊಡ್ಡದಕ್ಕೆ ಬಾಗಿಲು ತೆಗೆಯುತ್ತದೆ, ಅಷ್ಟೇ ಅದರ ಕೆಲಸ.

ಅಂತರ ನೇರವಾಗಿರಲಿ. ಕುಂಟುತ್ತ ಓಡುವ ಶಫಲ್ ಲಯದ ಹಾಡುಗಳನ್ನು ಹೆಚ್ಚು ನುಡಿಸಿದವರ ‘ಧು’ ತಡವಾಗಿ ಬಂದು ‘ಧುಂ’ಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಲ್ಯಾಟಿನ್ ಗುಣ ಹೋಯಿತು. ಅನುಮಾನ ಬಂದಾಗ ಕಿಟ್ ನಿಲ್ಲಿಸಿ ಮತ್ತೆ ತಕಿಟ ಹೇಳಿ. ಸೊಲ್ಲು ಸುಳ್ಳು ಹೇಳುವುದಿಲ್ಲ.

ಮೆಟ್ರೊನೋಮ್‌ನ ಎರಡು ಆಟ

130ಕ್ಕೆ ನಿಮ್ಮ ಕಾಲು ಒಗ್ಗಿತು ಅನಿಸಿದ ಮೇಲೆ ಮೆಟ್ರೊನೋಮನ್ನು 65ಕ್ಕೆ ಇಳಿಸಿ. ನಿಮ್ಮ ವೇಗ ಇಳಿಸಬೇಡಿ. ಈಗ ಎರಡು ಬೀಟಿಗೆ ಒಂದು ಟಿಕ್. ಆ ಟಿಕ್‌ಗಳು 2 ಮತ್ತು 4ರಲ್ಲಿ ಬೀಳುವಂತೆ ನುಡಿಸಲು ಶುರುಮಾಡಿ. ನಾಲ್ಕನೇ ಬೀಟಿನ ಟಿಕ್ ನಿಮ್ಮ ಸ್ನೇರ್ ಅಡಿಯಲ್ಲಿ ಮುಳುಗಿಹೋಗುತ್ತದೆ, ಚೆನ್ನಾಗಿ ನುಡಿಸಿದರೆ ಕೇಳಿಸುವುದೇ ಇಲ್ಲ. ಎರಡನೇ ಬೀಟಿನ ಟಿಕ್ ಮಾತ್ರ ಆ ಖಾಲಿ ಜಾಗದಲ್ಲಿ ಒಂಟಿಯಾಗಿ ಕೇಳುತ್ತದೆ. ನೀವು ಹೊಡೆಯದೆ ಬಿಟ್ಟಿದ್ದನ್ನು ಯಂತ್ರ ಹೊಡೆದು ತೋರಿಸುತ್ತಿರುತ್ತದೆ.

ಇದು ಐದು ನಿಮಿಷ ಅಲುಗದೆ ನಿಂತರೆ ಎರಡನೇ ಆಟ. ಅದೇ 65ರಲ್ಲೇ ಟಿಕ್ 1 ಮತ್ತು 3ರಲ್ಲಿ ಬೀಳುವಂತೆ ತಿರುಗಿಸಿಕೊಳ್ಳಿ. ಈಗ ಎರಡನೇ ಬೀಟಿಗೆ ಯಾರೂ ದಿಕ್ಕಿಲ್ಲ. ಆ ಮೌನ ಪೂರ್ತಿ ನಿಮ್ಮ ಜವಾಬ್ದಾರಿ. ಬಹುತೇಕರು ಇಲ್ಲೇ ಓಡುತ್ತಾರೆ: ಮೊದಲ ‘ಧುಂ’ ಆದ ಮೇಲೆ ಎರಡು ಎಣಿಕೆಯ ಮೌನವಿದೆ, ನಡೆಯಲ್ಲಿ ಅದೇ ಅತ್ಯಂತ ಉದ್ದದ್ದು, ಗಾಬರಿಯಾಗಿ ‘ಧು’ವನ್ನು ಮುಂಚೆಯೇ ಹಾಕಿಬಿಡುತ್ತಾರೆ. ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ. ಕಿಟ್ ಮೇಲೆ ಕೂತಾಗ ಸರಿಯೆನಿಸಿದ್ದು ಫೋನಿನಲ್ಲಿ ಎಡವುತ್ತಿರುತ್ತದೆ. ಮೊದಲ ಸಲ ನನ್ನದು ಕೇಳಿದಾಗ ಬಸ್ಸಿಗೆ ಹೊತ್ತಾದವನ ಹೆಜ್ಜೆಯಂತಿತ್ತು.

ಕಿಟ್ ಇಲ್ಲದವರು

ರಿದಂ ಪ್ಯಾಡ್ ಅಥವಾ ಫೋನಿನ ಬೀಟ್ ಆ್ಯಪ್ ಇದ್ದರೆ 16 ಮನೆಗಳ ಪಟ್ಟಿಯಲ್ಲಿ ಕಿಕ್ ಅನ್ನು 1, 7, 9ರಲ್ಲಿ ಇಡಿ, ಸ್ನೇರ್ 13ರಲ್ಲಿ. 7ನೇ ಮನೆಯ ಜೋರನ್ನು 9ಕ್ಕಿಂತ ತಗ್ಗಿಸಿ. ಇಷ್ಟಕ್ಕೇ ಬಿಟ್ಟರೆ ಯಂತ್ರದಂತೆ ಕೇಳುತ್ತದೆ, ಆದರೆ ಜೊತೆಗೆ ಕೂತು ಅಭ್ಯಾಸ ಮಾಡಲು ಧಾರಾಳ ಸಾಕು.

ಕಹೋನ್ ಪೆಟ್ಟಿಗೆ ಇದ್ದರೆ ನಡುಭಾಗದಲ್ಲಿ ಅಂಗೈ ಕಿಕ್, ಮೇಲಂಚಿನಲ್ಲಿ ಬೆರಳು ಸ್ನೇರ್. ಢೋಲಕ್‌ನಲ್ಲಿ ಎಡಗೈಯ ಗುಂಯ್‌ಗುಡುವ ಮುಖಕ್ಕೆ ಮೂರು, ಬಲಗೈಗೆ ಒಂದು. ಮೃದಂಗದವರು ತೊಪ್ಪಿಯಲ್ಲಿ ಮೂರು ‘ತೋಂ’, ಬಲಗಡೆ ಒಂದು ಚಾಪು ಹಾಕಿದರೆ ಕೇಳಲು ಮಜವಾಗಿರುತ್ತದೆ, ಪಕ್ಕದಲ್ಲಿ ಗುರುಗಳಿಲ್ಲದಾಗ ಪ್ರಯತ್ನಿಸಿ. ಯಾವುದೂ ಇಲ್ಲವೆ? ಊಟದ ಮೇಜಿಗೆ ಮುಷ್ಟಿಯಿಂದ ಮೂರು ಗುದ್ದು, ಸ್ಟೀಲ್ ತಟ್ಟೆಗೆ ಚಮಚದಿಂದ ಒಂದು ಏಟು. ಮನೆಯವರು ಬೈಯುವವರೆಗೆ ಉಚಿತ.

ಸದ್ದು ದೊಡ್ಡದಾಗಬೇಕು

ಹೊಡೆತ ಸರಿಯಿದ್ದೂ ರೆಕಾರ್ಡಿನಂತೆ ಕೇಳುತ್ತಿಲ್ಲ ಎನ್ನುವ ದೂರು ಎಲ್ಲರದೂ. ಕೇಳದಿರುವುದು ಸಹಜ. ಸ್ಪೆಕ್ಟರ್‌ನ ರೆಕಾರ್ಡುಗಳಲ್ಲಿ ಒಂದು ಪಿಯಾನೊ ಸಾಕಾಗುವ ಕಡೆ ಹಲವು ಪಿಯಾನೊ, ಒಂದು ಗಿಟಾರ್ ಸಾಕಾಗುವ ಕಡೆ ಹಲವು ಗಿಟಾರ್, ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ. ಆ ಸದ್ದನ್ನು ಸ್ಪೀಕರ್ ಮೂಲಕ ಸಿಮೆಂಟ್ ಲೇಪಿಸಿದ ಪ್ರತಿಧ್ವನಿ ಕೋಣೆಗೆ ಕಳಿಸಿ, ಅಲ್ಲಿ ಮೊಳಗಿದ್ದನ್ನು ಮೈಕಿನಲ್ಲಿ ಹಿಡಿದು ಮತ್ತೆ ಬೆರೆಸುತ್ತಿದ್ದರು. ಗೋಲ್ಡ್ ಸ್ಟಾರ್‌ನ ಆ ಕೋಣೆಗಳಿಗೇ ಜನ ದೂರದಿಂದ ಬರುತ್ತಿದ್ದರು. ಲ್ಯಾರಿ ಲಿವೈನ್ ಧ್ವನಿ ತಂತ್ರಜ್ಞ, ಜ್ಯಾಕ್ ನಿಚ್ ವಾದ್ಯಸಂಯೋಜಕ. ‘ವಾಲ್ ಆಫ್ ಸೌಂಡ್’ ಎಂದು ಕರೆಸಿಕೊಂಡಿದ್ದು ಈ ಗೋಡೆಯಂಥ ಸದ್ದು.

ನಮ್ಮ ಕೈಲಿ ಆಗುವುದು ಇಷ್ಟು. ಕಿಕ್ ಒಳಗೆ ತುರುಕಿದ ದಿಂಬನ್ನು ಅರ್ಧ ಹೊರಗೆ ತೆಗೆಯಿರಿ. ಈಗಿನ ಕಿಕ್‌ಗಳ ‘ಟಪ್’ ಇಲ್ಲಿ ಬೇಡ, ಹೊಟ್ಟೆಯಿಂದ ಬರುವ ‘ಧುಂ’ ಬೇಕು. ಪೆಡಲ್‌ನ ಸುತ್ತಿಗೆ ಪ್ಲಾಸ್ಟಿಕ್‌ನದಾಗಿದ್ದರೆ ಮೆತ್ತನೆಯ ಫೆಲ್ಟ್ ಮುಖಕ್ಕೆ ತಿರುಗಿಸಿ. ಸ್ನೇರನ್ನು ಬಿಗಿಯಾಗಿ ಎಳೆಯದೆ ತಗ್ಗಿನ ಶ್ರುತಿಗೆ ಇಡಿ. ಇಷ್ಟಾದರೂ ತೆಳು ಅನಿಸಿದರೆ ನಾಲ್ಕನೇ ಬೀಟಿಗೆ ಎಡಗೈ ಸ್ನೇರ್‌ಗೆ, ಸುಮ್ಮನಿರುವ ಬಲಗೈ ಫ್ಲೋರ್ ಟಾಮ್‌ಗೆ (ನೆಲದ ಮೇಲೆ ನಿಲ್ಲುವ ದಪ್ಪ ದನಿಯ ಡ್ರಮ್), ಎರಡನ್ನೂ ಒಟ್ಟಿಗೆ ಹೊಡೆಯಿರಿ. ವೇದಿಕೆಯಲ್ಲಿ ಇದು ಬಹಳ ಸಹಾಯ. ಎರಡೂ ಕೂದಲೆಳೆಯಷ್ಟು ಹಿಂದುಮುಂದಾದರೂ ಅಡ್ಡಿಯಿಲ್ಲ, ಸದ್ದು ಇನ್ನೂ ಅಗಲವಾಗುತ್ತದೆ.

ರಿವರ್ಬ್ (ಯಂತ್ರದಿಂದ ಸೇರಿಸುವ ಮೊಳಗು) ಹಾಕುವವರು ಲೆಕ್ಕ ಮಾಡಿ ಹಾಕಿ. 130ರ ವೇಗದಲ್ಲಿ ಒಂದು ಬಾರ್ ಸುಮಾರು 1.85 ಸೆಕೆಂಡು, ಒಂದು ಸ್ನೇರ್‌ನಿಂದ ಮುಂದಿನ ಸ್ನೇರ್‌ವರೆಗೂ ಅಷ್ಟೇ. ರಿವರ್ಬ್‌ನ ಬಾಲ ಅದಕ್ಕಿಂತ ಉದ್ದವಾದರೆ ಒಂದರ ಮೇಲೊಂದು ಬಿದ್ದು ಗಂಜಿಯಾಗುತ್ತದೆ. ಸ್ನೇರ್‌ಗೆ ಒಂದೂವರೆ ಸೆಕೆಂಡಿನ ಒಳಗೆ ಇಡಿ. ಸ್ನೇರ್‌ನ ಮೊಳಗು ಮುಂದಿನ ಬಾರ್‌ನ ಮೊದಲ ‘ಧುಂ’ ಮೇಲೆ ಹಾದು ಎರಡನೇ ಬೀಟಿನ ಖಾಲಿ ಜಾಗದಲ್ಲಿ ಕರಗುತ್ತ ಬರಬೇಕು. ಹೀಗೆ ಖಾಲಿ ಜಾಗ ಖಾಲಿಯೇ ಇದ್ದೂ ಬೋಳಾಗಿ ಕಾಣುವುದಿಲ್ಲ. ಕಿಕ್‌ಗೆ ರಿವರ್ಬ್ ಚಿಟಿಕೆಯಷ್ಟು ಸಾಕು.

ಮೆಲ್ಲಗೆ ನುಡಿಸುವ ಪರೀಕ್ಷೆ

ಇದೇ ನಡೆಯನ್ನು ಬ್ಲೇನ್ 1966ರಲ್ಲಿ ಫ್ರ್ಯಾಂಕ್ ಸಿನಾತ್ರಾ ಅವರ ‘ಸ್ಟ್ರೇಂಜರ್ಸ್ ಇನ್ ದ ನೈಟ್’ಗೆ ಮೆತ್ತಗೆ ನುಡಿಸಿದರು. ಅಲ್ಲಿ ಗುಡುಗು, ಇಲ್ಲಿ ಮಂಚದ ಪಕ್ಕದ ದೀಪ. ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿ, ಆಮೇಲೆ ನೀವೂ ಹಾಗೇ ಮಾಡಿ: ಎಂಟು ಬಾರ್ ಗಟ್ಟಿಯಾಗಿ, ಎಂಟು ಬಾರ್ ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಎಂಬಂತೆ. ಮೆಲ್ಲಗೆ ನುಡಿಸುವಾಗ ವೇಗ ಬಿದ್ದರೆ ಇನ್ನೂ ಪಕ್ವವಾಗಿಲ್ಲ ಎಂದು ಅರ್ಥ. ಫ್ಲಾಟಿನಲ್ಲಿ ಇರುವವರಿಗೆ ಈ ಅಭ್ಯಾಸದಿಂದ ನೆರೆಹೊರೆಯ ಶಾಂತಿಯೂ ಲಾಭ.

ಬ್ಯಾಂಡ್ ಜೊತೆ

ಹಾಡು ಇ ಮೇಜರ್‌ನಲ್ಲಿದೆ. ಪಲ್ಲವಿಯ ಕಾರ್ಡ್‌ಗಳು ಇ, ಸಿ ಶಾರ್ಪ್ ಮೈನರ್, ಎ, ಬಿ; ಗಿಟಾರ್ ಹಿಡಿದ ಯಾರಿಗಾದರೂ ಗೊತ್ತಿರುವ ಸರಣಿ. ಕಷ್ಟ ಬರುವುದು ಗಿಟಾರಿನವರಿಂದಲೇ. ಖಾಲಿ ಜಾಗ ಕಂಡ ಕೂಡಲೇ ಅವರು ಎರಡನೇ ಬೀಟಿಗೆ ಸ್ಟ್ರಮ್ ಬಿಗಿಯುತ್ತಾರೆ, ನೀವು ಬಿಟ್ಟ ಸ್ನೇರನ್ನು ಅವರು ತುಂಬಿಸಿಕೊಡುತ್ತಾರೆ. ರಿಹರ್ಸಲ್‌ನಲ್ಲೇ ಹೇಳಿಬಿಡಿ. ಬೇಸ್ ನುಡಿಸುವವರು ನಿಮ್ಮ ಕಿಕ್ ಜೊತೆ ಎಂಟರ ಎಣಿಕೆಯ 1, 4, 5ಕ್ಕೆ ಸೇರಿಕೊಂಡರೆ ಅರ್ಧ ಜಗಳ ಮುಗಿಯಿತು. ಶೇಕರ್ ಹಿಡಿದವರಿದ್ದರೆ ಎಂಟೂ ಎಣಿಕೆಯನ್ನು ಒಂದೇ ಸಮ ಆಡಿಸಲಿ. ನಿಮಗೆ ಹೈಹ್ಯಾಟ್ ಬೇಕೇ ಬೇಕು ಅನಿಸುವುದು ಸಾಮಾನ್ಯವಾಗಿ ಶೇಕರ್ ಇಲ್ಲದಾಗ ಮಾತ್ರ.

ಡ್ರಮ್ ಫಿಲ್, ಎಂದರೆ ನಡೆಯ ನಡುವೆ ತುಂಬುವ ಹೊಡೆತಗಳ ಗೊಂಚಲಿನ ವಿಚಾರದಲ್ಲಿ ನಾನು ಜಿಪುಣ. ರೆಕಾರ್ಡಿನಲ್ಲಿ ಬ್ಲೇನ್ ದೊಡ್ಡ ಫಿಲ್‌ಗಳನ್ನು ಬಿಚ್ಚುವುದು ಹಾಡು ಮಸುಕಾಗುತ್ತ ಹೋಗುವ ಕೊನೆಯಲ್ಲಿ. ಅಲ್ಲಿಯವರೆಗೆ ಕೂಡಿಟ್ಟಿದ್ದನ್ನೆಲ್ಲ ಖರ್ಚು ಮಾಡುತ್ತಾರೆ. ನೀವೂ ಅಲ್ಲಿಯವರೆಗೆ ಕಾಯಿರಿ. ಎರಡು ಬೀಟಿನ ಜಾಗದಲ್ಲಿ ಸಮ ಅಂತರದ ಮೂರು ಹೊಡೆತ ಹಾಕುವುದನ್ನು ಬೇರೆಯಾಗಿ ಅಭ್ಯಾಸ ಮಾಡಿಕೊಳ್ಳಿ, ಟಾಮ್‌ನಿಂದ ಫ್ಲೋರ್ ಟಾಮ್‌ಗೆ ಇಳಿಯುವಂತೆ. ನೇರ ಎಂಟರ ನಡೆಯಲ್ಲಿ ಹಠಾತ್ತನೆ ಮೂರು ಬಂದಾಗ ಹಾಡೇ ಹಿಂದಕ್ಕೆ ಜಗ್ಗಿದಂತಾಗುತ್ತದೆ. ಬಾಯಲ್ಲಿ ತಕತಕ ತಕಿಟ ಎಂದು ಬದಲಿಸಿ ಹೇಳಲು ಬಂದರೆ ಕೈಯಲ್ಲೂ ಬರುತ್ತದೆ.

ಈ ನಡೆ ಒಂದು ಹಾಡಿಗೆ ಮುಗಿಯುವುದಲ್ಲ. ದಿ ಬೀಚ್ ಬಾಯ್ಸ್‌ನ ಬ್ರಯನ್ ವಿಲ್ಸನ್ ಕಾರಿನಲ್ಲಿ ಹೋಗುವಾಗ ರೇಡಿಯೊದಲ್ಲಿ ಇದನ್ನು ಕೇಳಿ ಬದಿಗೆ ನಿಲ್ಲಿಸಿದ್ದನ್ನು ಜೀವನಪೂರ್ತಿ ಹೇಳುತ್ತಿದ್ದರು. 1964ರ ‘ಡೋಂಟ್ ವರಿ ಬೇಬಿ’ ಅವರು ಇದಕ್ಕೆ ಕೊಟ್ಟ ಉತ್ತರ. 1985ರಲ್ಲಿ ಸ್ಕಾಟ್ಲೆಂಡಿನ ದಿ ಜೀಸಸ್ ಆ್ಯಂಡ್ ಮೇರಿ ಚೈನ್ ತಂಡದ ‘ಜಸ್ಟ್ ಲೈಕ್ ಹನಿ’ ಶುರುವಾಗುವುದೇ ಈ ಧುಂ, ಧು-ಧುಂ, ಛಟ್‌ನಿಂದ, ಅರೆನಿದ್ದೆಯಲ್ಲಿ ನುಡಿಸಿದ ಹಾಗೆ. ಈಗಿನ ರೆಗೆಟಾನ್ ಹಾಡುಗಳ ಒಳಗೂ ಇದೇ 3+3+2ರ ಮೂಳೆಯಿದೆ, ಕಿಕ್ ಮತ್ತು ಸ್ನೇರ್ ಮಾತ್ರ ಜಾಗ ಬದಲಿಸಿಕೊಂಡಿವೆ. ತಕಿಟ ತಕಿಟ ತಕ ಹೇಳುತ್ತ ಕೇಳಿ, ಸಿಗುತ್ತದೆ.

ಕೊನೆಗೆ ಮೂಲ ಹಾಡನ್ನೇ ಸ್ಪೀಕರ್‌ನಲ್ಲಿ ಹಾಕಿ ಜೊತೆಗೆ ನುಡಿಸಿ. ನುಡಿಸುತ್ತ ಹೋಗುವಾಗ ಹಾಡಿನ ಕೊನೆಯ ಪಲ್ಲವಿಗೆ ಮೊದಲು ಎಲ್ಲ ವಾದ್ಯಗಳೂ ಸರಿದು, ಆರಂಭದ ಡ್ರಮ್ ಒಂದೇ ಮತ್ತೆ ಬರುವ ಜಾಗವೊಂದಿದೆ. ನೂರು ಜನರ ಸಂತೆಯಲ್ಲಿ ಇದ್ದಕ್ಕಿದ್ದಂತೆ ನೀವು ಮತ್ತು ಬ್ಲೇನ್ ಇಬ್ಬರೇ. ಅಲ್ಲಿ ನಿಮ್ಮ ಕಿಕ್ ಅವರ ಕಿಕ್‌ನ ಹಿಂದೆ ಅಡಗಿದರೆ, ನಿಮ್ಮ ಸ್ನೇರ್ ಅವರ ಸ್ನೇರ್‌ನಲ್ಲಿ ಕರಗಿದರೆ ಸರಿ. ಎರಡಾಗಿ ಕೇಳಿಸಿದರೆ ಮತ್ತೆ ಕುರ್ಚಿಗೆ ಬಂದು, ಕಿರುಬೆರಳು, ಉಂಗುರ ಬೆರಳು ಎಣಿಸುವುದರಿಂದ ಶುರುಮಾಡಿ.